ಗೋಡೆಯದು, ಪೆಟ್ಟಿಗೆಯದು: ಒಂದೇ ಮಾಡೆಲ್‌ನ ಎರಡು ಗಿಟಾರ್‌ಗಳ ಪ್ರಕರಣ

ಬೆಂಗಳೂರಿನ ಒಂದು ಅಂಗಡಿ. ಒಂದೇ ಕಂಪನಿ, ಒಂದೇ ಮಾಡೆಲ್, ಒಂದೇ ಬೆಲೆಯ ಎರಡು ಅಕೌಸ್ಟಿಕ್ ಗಿಟಾರ್. ಒಂದು, ತಿಂಗಳುಗಟ್ಟಲೆ ಗೋಡೆಯಲ್ಲಿ ನೇತಾಡುತ್ತಿದ್ದದ್ದು. ಇನ್ನೊಂದು ಗೋಡೌನ್‌ನಿಂದ ಆಗಷ್ಟೇ ಬಂದದ್ದು, ಪೆಟ್ಟಿಗೆಯ ಟೇಪನ್ನು ನಮ್ಮೆದುರೇ ಕತ್ತರಿಸಿ ತೆಗೆದದ್ದು. ಕೊಳ್ಳುವವಳು ಒಬ್ಬ ಹುಡುಗಿ. ಸಾಲ ತಂದ ಗಿಟಾರಿನಲ್ಲಿ ಒಂದಷ್ಟು ಕಲಿತಿದ್ದಾಳೆ, ಜೂನ್‌ನಲ್ಲಿ ಮಂಗಳೂರಿನಲ್ಲಿ ಕಾಲೇಜು ಸೇರುವವಳು. ದುಡ್ಡು ಕೊಡುವವರು ಅವಳ ಅಪ್ಪ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರು. ನಾನು ಗಿಟಾರ್ ಸೆಟಪ್ ಮಾಡುವವನು, ಅಂದರೆ ಗಿಟಾರನ್ನು ನುಡಿಸಲು ಹದ ಮಾಡಿಕೊಡುವವನು. ಆ ಅಂಗಡಿಯವರೂ ಪರಿಚಯ, ಈ ಅಪ್ಪನೂ ಪರಿಚಯ. ಹಾಗಾಗಿ ನಡುವೆ ಸಿಕ್ಕಿಕೊಂಡೆ.

ಪ್ರಶ್ನೆ ಇಷ್ಟೇ: ಎರಡರಲ್ಲಿ ಯಾವುದು?

"ಎರಡೂ ಒಂದೇ ಅಲ್ವಾ, ಯಾವುದಾದ್ರೂ ಕೊಡಿ" ಎಂದು ಅಪ್ಪ ಹೇಳಿದರು. ನ್ಯಾಯವಾದ ಮಾತೇ. ಆದರೆ ಎರಡನ್ನೂ ಒಂದೊಂದು ಸಲ ಮೀಟಿದ್ದೇ ತಡ, ಆ ಮಾತನ್ನು ಅವರೇ ಹಿಂದೆ ತೆಗೆದುಕೊಂಡರು.

ಗಿಟಾರ್ ಎಂಥದ್ದು ಅಂತ ಮೊದಲು ಹೇಳಿಬಿಡುತ್ತೇನೆ. ಡ್ರೆಡ್‌ನಾಟ್ ಆಕಾರ. ಅಂದರೆ ಸೊಂಟ ಅಷ್ಟಾಗಿ ಸಣ್ಣಗಾಗದ, ಅಗಲ ಬಾಡಿಯ ಗಿಟಾರ್. 1916ರಲ್ಲಿ ಅಮೆರಿಕದ ಮಾರ್ಟಿನ್ ಕಂಪನಿ ಡಿಟ್ಸನ್ ಎಂಬ ಅಂಗಡಿಗಾಗಿ ಮಾಡಿಕೊಟ್ಟ ಆಕಾರ ಇದು. ಹೆಸರು ಬಂದದ್ದು ಬ್ರಿಟಿಷರ ಆಗಿನ ಯುದ್ಧನೌಕೆಯೊಂದರಿಂದ. ಇವತ್ತು ಯಾವ ಅಂಗಡಿಗೆ ಹೋದರೂ ಜಾಸ್ತಿ ಕಾಣುವುದು ಇದೇ. ನಮ್ಮ ಎರಡರಲ್ಲೂ ಟಾಪ್, ಅಂದರೆ ಮೇಲಿನ ಹಲಗೆ, ಸಿಟ್ಕಾ ಸ್ಪ್ರೂಸ್‌ನದು. ಪದರ ಅಂಟಿಸಿದ್ದಲ್ಲ, ಅಖಂಡ ಮರ. ಹಿಂಭಾಗ ಮತ್ತು ಪಕ್ಕ ಮಾತ್ರ ಪದರ ಅಂಟಿಸಿದ ಮಹಾಗನಿ. ಟಾಪ್‌ನ ಒಳಮೈಗೆ ಎಕ್ಸ್ ಆಕಾರದಲ್ಲಿ ಪಟ್ಟಿ ಅಂಟಿಸಿದ್ದಾರೆ. ಕಂಪನಿ ಯಾವುದು ಅನ್ನುವುದು ಇಲ್ಲಿ ಬೇಡ. ಕಾರ್ಖಾನೆಯಲ್ಲಿ ಸಾಲುಸಾಲಾಗಿ ತಯಾರಾಗುವ ಯಾವ ಗಿಟಾರಿಗೂ ಈ ಕಥೆ ಹೊಂದುತ್ತದೆ.

ಅಂಗಡಿಯಲ್ಲಿ

ಮೊದಲ ಕೇಳ್ಮೆಯಲ್ಲಿ ಪೆಟ್ಟಿಗೆಯ ಗಿಟಾರ್ ಸಲೀಸಾಗಿ ಗೆದ್ದಿತು. ಜಿ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹೊಡೆದರೆ ಅಂಗಡಿಯ ಆ ಮೂಲೆಯವರೂ ತಿರುಗಿ ನೋಡುವಷ್ಟು ಕಣಕಣ. ಗೋಡೆಯದು ಅದರ ಪಕ್ಕದಲ್ಲಿ ಮಂಕು. ದನಿಯ ಮೇಲೆ ಕಂಬಳಿ ಹೊದಿಸಿದಂತಿತ್ತು. ಅಂಗಡಿಯ ಹುಡುಗ, ಅಪ್ಪ, ಅಲ್ಲೇ ಕೀಬೋರ್ಡ್ ನೋಡಲು ಬಂದಿದ್ದ ಯಾರೋ ಒಬ್ಬರು, ಎಲ್ಲರ ಓಟೂ ಪೆಟ್ಟಿಗೆಗೇ. ಹುಡುಗಿಯ ಓಟು ಮಾತ್ರ ಗೋಡೆಯದಕ್ಕೆ. ಕಾರಣ ದನಿಯಲ್ಲ. ಪೆಟ್ಟಿಗೆಯದರಲ್ಲಿ ಎಫ್ ಕಾರ್ಡ್ ಹಿಡಿಯಲು ಅವಳಿಗೆ ಆಗುತ್ತಲೇ ಇರಲಿಲ್ಲ, ಬೆರಳು ನೋಯುತ್ತಿತ್ತು.

"ಸರ್, ಬಾಕ್ಸ್ ಪೀಸೇ ತಗೊಳ್ಳಿ, ಡಿಸ್‌ಪ್ಲೇ ಪೀಸ್ ಯಾಕೆ?" ಎಂದು ಹುಡುಗ ಹೇಳಿದ. ನಮ್ಮ ಜನರ ಮನಸ್ಸು ಅವನಿಗೆ ಚೆನ್ನಾಗಿ ಗೊತ್ತು. ಮಿಕ್ಸಿ, ಟಿವಿ, ಫೋನು ಏನೇ ಆಗಲಿ, ಸೀಲ್ ಒಡೆಯದ್ದೇ ಬೇಕು ನಮಗೆ. ಮಿಕ್ಸಿಗೆ ಅದು ಸರಿ. ಗಿಟಾರ್ ವಿಷಯದಲ್ಲಿ ಸೀಲ್ ಒಡೆಯದ ಪೆಟ್ಟಿಗೆ ಅಂದರೆ ನೋಡದೆ ಕೊಂಡದ್ದು ಅಂತ, ಅಷ್ಟೇ. ಮರದ ವಸ್ತು. ಪೆಟ್ಟಿಗೆಯೊಳಗೆ ಅದು ಹೇಗಿದೆ ಅಂತ ಕಾರ್ಖಾನೆಯವರಿಗೂ ಗೊತ್ತಿರುವುದಿಲ್ಲ.

ನಾನು ಗೋಡೆಯ ಗಿಟಾರಿನ ತಂತಿ ನೋಡಿದೆ. ಮೂರನೇ ತಂತಿ ಕಂದು ಬಣ್ಣಕ್ಕೆ ತಿರುಗಿತ್ತು. ತಂತಿಯ ಕೆಳಮೈಯಲ್ಲಿ ಉಗುರು ಎಳೆದರೆ ಮೊದಲ ಐದು ಫ್ರೆಟ್‌ಗಳ (ಗಿಟಾರಿನ ಕತ್ತಿನ, ಅಂದರೆ ನೆಕ್‌ನ ಮೇಲೆ ಅಡ್ಡಲಾಗಿ ಕೂತ ಲೋಹದ ಪಟ್ಟಿಗಳು) ಜಾಗದಲ್ಲಿ ಒಂದೊಂದು ಕಚ್ಚು ಸಿಗುತ್ತಿತ್ತು. ಅಂಗಡಿಗೆ ಬಂದವರೆಲ್ಲ ಮುಟ್ಟಿದ ಗಿಟಾರ್ ಅದು. ಎಲ್ಲರ ಬೆವರೂ ಆ ಸುರುಳಿಯ ಸಂದಿಯಲ್ಲಿ ಕೂತಿತ್ತು. ಸಾಲದ್ದಕ್ಕೆ ಶ್ರುತಿ ಅರ್ಧ ಮನೆ ಕೆಳಗಿತ್ತು. ಆರೂ ತಂತಿಗಳು ಸರಿಸಮ ಇಳಿದಿದ್ದರಿಂದ ಕಾರ್ಡ್ ಹೊಡೆದಾಗ ಅಪಶ್ರುತಿ ಅನ್ನಿಸುತ್ತಿರಲಿಲ್ಲ, ಬರೀ ಸೋತ ಹಾಗೆ ಕೇಳಿಸುತ್ತಿತ್ತು.

ಪೆಟ್ಟಿಗೆಯದರ ತಂತಿ ಕಾರ್ಖಾನೆಯದೇ, ಆದರೆ ಯಾರೂ ಮುಟ್ಟಿರಲಿಲ್ಲ. ಆ್ಯಕ್ಷನ್, ಅಂದರೆ ಫ್ರೆಟ್‌ನಿಂದ ತಂತಿಗಿರುವ ಎತ್ತರ, 12ನೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಕೆಳಗೆ ಸುಮಾರು 3 ಮಿ.ಮೀ. ಇತ್ತು. ಗೋಡೆಯದರಲ್ಲಿ 2.3. ಎತ್ತರ ಜಾಸ್ತಿ ಇದ್ದರೆ ತಂತಿ ಫ್ರೆಟ್‌ಗೆ ಬಡಿಯುವುದಿಲ್ಲ, ಎಷ್ಟು ಜೋರಾಗಿ ಬೇಕಾದರೂ ಹೊಡೆಯಬಹುದು. ಅಂಗಡಿಯ ಹುಡುಗ ಹೊಡೆಯುತ್ತಿದ್ದದ್ದೂ ಹಾಗೆಯೇ. ಎರಡು ದನಿಗಳಲ್ಲಿ ಒಂದು ಸ್ವಲ್ಪವೇ ಜೋರಾಗಿದ್ದರೂ ಕಿವಿ ಅದನ್ನು "ಜೋರು" ಅನ್ನುವುದಿಲ್ಲ, "ಚೆನ್ನಾಗಿದೆ" ಅನ್ನುತ್ತದೆ. ಸ್ಪೀಕರ್ ಮಾರುವವರಿಗೆ ಇದು ಹಳೇ ವಿದ್ಯೆ.

ಅಂದರೆ ಅಲ್ಲಿಯವರೆಗೆ ನಾವು ಹೋಲಿಸಿದ್ದು ಎರಡು ಗಿಟಾರ್‌ಗಳನ್ನಲ್ಲ. ಹಳೇ ತಂತಿ ಮತ್ತು ಹೊಸ ತಂತಿ, ತಗ್ಗಿದ ಆ್ಯಕ್ಷನ್ ಮತ್ತು ಎತ್ತರದ ಆ್ಯಕ್ಷನ್. ಮರ ಇನ್ನೂ ಮಾತೇ ಆಡಿರಲಿಲ್ಲ. ಎರಡನ್ನೂ ನನ್ನ ಕೆಲಸದ ಕೋಣೆಗೆ ಕಳಿಸಿ ಅಂತ ಅಂಗಡಿಯವರಿಗೆ ಹೇಳಿದೆ. ಹೇಗೂ ಮಾರುವ ಮೊದಲು ಸೆಟಪ್ ಮಾಡಲೇಬೇಕಲ್ಲ.

ಸಮ ಮಾಡುವ ಕೆಲಸ

ಮೊದಲು ಗಾಳಿ. ಗೋಡೆಯದು ಎ.ಸಿ. ಪಕ್ಕ ನೇತಾಡಿ ಒಣಗಿತ್ತು. ಪೆಟ್ಟಿಗೆಯದು ಗೋಡೌನ್‌ನ ಗಾಳಿ ಕುಡಿದಿತ್ತು. ಮರ ತೇವ ಎಳೆದುಕೊಂಡರೆ ಉಬ್ಬುತ್ತದೆ, ಭಾರವಾಗುತ್ತದೆ, ಬಿಗಿ ಕಳೆದುಕೊಳ್ಳುತ್ತದೆ. ದನಿಯೂ ಹಾಗೇ ಬದಲಾಗುತ್ತದೆ. ಗಿಟಾರ್ ಮಾಡುವವರು ಕಾರ್ಖಾನೆಯ ತೇವಾಂಶವನ್ನು ಸಾಮಾನ್ಯವಾಗಿ ಶೇ 45ರಿಂದ 50ರ ಆಸುಪಾಸಿನಲ್ಲೇ ಹಿಡಿದಿಡುತ್ತಾರೆ. ನನ್ನ ಕೋಣೆಯೂ ಆಗ ಶೇ 50ರ ಹತ್ತಿರವಿತ್ತು. ಎರಡನ್ನೂ ಪಕ್ಕಪಕ್ಕ ಸ್ಟ್ಯಾಂಡಿಗೆ ಹಾಕಿ ಒಂದಷ್ಟು ದಿನ ಸುಮ್ನೆ ಬಿಟ್ಟೆ.

ಆಮೇಲೆ ತಂತಿ. ಎರಡಕ್ಕೂ ಒಂದೇ ಕಂಪನಿಯ ಒಂದೇ ಫಾಸ್ಫರ್ ಬ್ರಾಂಜ್ ಸೆಟ್, 12ರಿಂದ 53ರ ಗೇಜ್ (ತಂತಿಯ ದಪ್ಪದ ಅಳತೆ). ಒಂದೇ ದಿನ ಹಾಕಿದೆ. ನೆಕ್‌ನ ಒಳಗಿರುವ ಲೋಹದ ಸರಳು, ಟ್ರಸ್ ರಾಡ್, ತಿರುಗಿಸಿ ಎರಡೂ ನೆಕ್‌ಗಳ ಬಾಗು 0.2 ಮಿ.ಮೀ.ಗೆ ತಂದೆ. ಪೆಟ್ಟಿಗೆಯದರ ನೆಕ್ ಅದಕ್ಕಿಂತ ಜಾಸ್ತಿ ಬಾಗಿತ್ತು.

ಎಫ್ ಕಾರ್ಡ್‌ನ ಕಷ್ಟಕ್ಕೆ ಕಾರಣ ನಟ್‌ನಲ್ಲಿತ್ತು, ಅಂದರೆ ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯಲ್ಲಿ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು, ಮೊದಲನೇ ಫ್ರೆಟ್‌ನ ಮೇಲೆ ಎಷ್ಟು ಸಂದಿ ಇದೆ ನೋಡಬೇಕು. ಕಣ್ಣಿಗೆ ಕಾಣಿಸಿಯೂ ಕಾಣಿಸದಷ್ಟು ಇದ್ದರೆ ಸರಿ. ಇಲ್ಲಿ ಒಂದು ವಿಸಿಟಿಂಗ್ ಕಾರ್ಡ್ ಆರಾಮಾಗಿ ನುಗ್ಗುತ್ತಿತ್ತು. ನಟ್‌ನಲ್ಲಿ ತಂತಿ ಕೂರುವ ಕಚ್ಚುಗಳನ್ನು ಫೈಲ್‌ನಿಂದ ತಗ್ಗಿಸಿದೆ. ಕಾರ್ಖಾನೆಯವರು ಇದನ್ನು ಬೇಕೆಂತಲೇ ಎತ್ತರ ಬಿಡುತ್ತಾರೆ. ಎತ್ತರವಿದ್ದರೆ ಇಳಿಸಬಹುದು. ಜಾಸ್ತಿ ಇಳಿಸಿ ತಂತಿ ಗರಗುಟ್ಟಿತೋ, ನಟ್ಟನ್ನೇ ಬದಲಿಸಬೇಕು.

ಕೊನೆಗೆ ಸ್ಯಾಡಲ್. ಬ್ರಿಜ್‌ನ (ತಂತಿಗಳ ಬುಡ ಸಿಕ್ಕಿಸುವ, ಟಾಪ್‌ಗೆ ಅಂಟಿಸಿದ ಮರದ ತುಂಡು) ಮೇಲೆ ತಂತಿ ಕೂರುವ ಆ ಬಿಳಿ ಪಟ್ಟಿ. ಗೋಡೆಯದರ ಸ್ಯಾಡಲನ್ನು ಯಾರೋ ಮೊದಲೇ ಉಜ್ಜಿದ್ದರು, ತಳದಲ್ಲಿ ಮರಳುಕಾಗದದ ಗೆರೆಗಳು ಕಾಣುತ್ತಿದ್ದವು. ಅದರ ಆ್ಯಕ್ಷನ್ ಸಲೀಸಾಗಿದ್ದ ಗುಟ್ಟು ಅದು. ಕಾರ್ಖಾನೆಯ ಎರಡೂ ಪ್ಲಾಸ್ಟಿಕ್ ಸ್ಯಾಡಲ್‌ಗಳನ್ನು ತೆಗೆದಿಟ್ಟು, ಮೂಳೆಯ ಒಂದೇ ಪಟ್ಟಿಯಿಂದ ಎರಡಕ್ಕೂ ಹೊಸ ಸ್ಯಾಡಲ್ ಕತ್ತರಿಸಿದೆ. 12ನೇ ಫ್ರೆಟ್‌ನಲ್ಲಿ ದಪ್ಪ ತಂತಿ 2.4, ಸಣ್ಣ ತಂತಿ 1.9 ಮಿ.ಮೀ. ಎರಡೂ ಗಿಟಾರ್‌ಗೆ ಅದೇ ಲೆಕ್ಕ. ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 12ನೇ ಫ್ರೆಟ್ ತಂತಿಯ ಉದ್ದದ ಸರಿಯಾಗಿ ಅರ್ಧದಲ್ಲಿದೆ. ಹಾಗಾಗಿ ಅಲ್ಲಿ 0.5 ಮಿ.ಮೀ. ಇಳಿಸಬೇಕಾದರೆ ಸ್ಯಾಡಲ್‌ನಲ್ಲಿ 1 ಮಿ.ಮೀ. ತೆಗೆಯಬೇಕು.

ಎರಡನೇ ಸಲ ಕೇಳಿದಾಗ

ಹುಡುಗಿ, ಅಪ್ಪ, ಅವಳ ಮೇಷ್ಟ್ರು ಮೂವರನ್ನೂ ಕರೆದೆ. ಮೇಷ್ಟ್ರು ನುಡಿಸುವುದು, ಉಳಿದವರು ಗೋಡೆಗೆ ಮುಖ ಮಾಡಿ ಕೂರುವುದು. ನಾಣ್ಯ ಚಿಮ್ಮಿ ಬಿದ್ದಂತೆ ಗಿಟಾರ್ ಎತ್ತಿಕೊಡುವುದು ನನ್ನ ಕೆಲಸ. ನುಡಿಸುವ ತುಣುಕು ಪ್ರತಿ ಸಲವೂ ಒಂದೇ. ದನಿಯ ನೆನಪು ಬಹಳ ಬೇಗ ಮಾಸುತ್ತದೆ. ಅದಕ್ಕೇ ಮಧ್ಯೆ ಮಾತು ಬೇಡ ಅಂದಿದ್ದೆ. ಅಪ್ಪ ಕೇಳಲಿಲ್ಲ ಅನ್ನುವುದು ಬೇರೆ ಮಾತು.

ಕಾರ್ಡ್ ಹೊಡೆದಾಗ ಯಾವುದು ಯಾವುದೆಂದು ಇಬ್ಬರಿಗೂ ಹೇಳಲಾಗಲಿಲ್ಲ. ಹೇಳಿದ್ದೆಲ್ಲ ಕಣ್ಣುಮುಚ್ಚಿ ಕಲ್ಲು ಹೊಡೆದಂತೆಯೇ. ಅಂಗಡಿಯಲ್ಲಿ ಕೂಗಿ ಹೇಳುತ್ತಿದ್ದ ಆ ದೊಡ್ಡ ವ್ಯತ್ಯಾಸ, ಒಂದು ಸೆಟ್ ತಂತಿ ಮತ್ತು ಸ್ವಲ್ಪ ಮರಳುಕಾಗದದ ಜೊತೆ ಹೊರಟುಹೋಗಿತ್ತು.

ಆದರೆ ಪೂರ್ತಿ ಹೋಗಿರಲಿಲ್ಲ. ಮೇಷ್ಟ್ರು ಒಂದೊಂದೇ ಸ್ವರ ನಿಧಾನವಾಗಿ ಮೀಟತೊಡಗಿದಾಗ ಹುಡುಗಿ ತಟ್ಟನೆ ಹಿಡಿದಳು. ಪೆಟ್ಟಿಗೆಯದರಲ್ಲಿ ಮೂರನೇ ತಂತಿಯನ್ನು ಎಲ್ಲೂ ಒತ್ತದೆ ಮೀಟಿದರೆ, ಅದೊಂದೇ ಸ್ವರ ಉಳಿದವುಗಳಿಗಿಂತ ಜೋರಾಗಿ ಚಿಮ್ಮಿ ಟಪ್ ಅಂತ ಸತ್ತುಹೋಗುತ್ತಿತ್ತು. ಗೋಡೆಯದರಲ್ಲಿ ಆ ಸ್ವರ ಅಕ್ಕಪಕ್ಕದವುಗಳ ಜೊತೆ ಸಮವಾಗಿ ಬಂದು, ಸಮವಾಗಿ ಕರಗುತ್ತಿತ್ತು. ದಪ್ಪ ತಂತಿಗಳ ದನಿಯೂ ಗೋಡೆಯದರಲ್ಲಿ ಸ್ವಲ್ಪ ದುಂಡಗೆ, ತುಂಬಿಕೊಂಡಂತೆ ಇತ್ತು. ಒಮ್ಮೆ ಇದು ಗೊತ್ತಾದ ಮೇಲೆ ಅವಳು ಒಂದು ಸಲವೂ ತಪ್ಪು ಹೇಳಲಿಲ್ಲ. ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವರು ಅದಕ್ಕೆ ಬೇಜಾರೇನೂ ಮಾಡಿಕೊಳ್ಳಲಿಲ್ಲ.

ಯಾಕೆ ಹೀಗೆ ಅಂತ ತಿಳಿಯಲು ತಟ್ಟಿ ನೋಡಬೇಕು. ಹಲಸಿನ ಹಣ್ಣು ತಟ್ಟಿ ನೋಡುತ್ತೇವಲ್ಲ, ಹಾಗೇ. ತಂತಿಗಳ ಮೇಲೆ ಬಟ್ಟೆ ಹಾಕಿ ಸದ್ದಡಗಿಸಿ, ಬ್ರಿಜ್‌ನ ಮೇಲೆ ಬೆರಳ ಗೆಣ್ಣಿನಿಂದ ಮೆತ್ತಗೆ ತಟ್ಟುವುದು. ಫೋನ್‌ನಲ್ಲಿ ಸ್ಪೆಕ್ಟ್ರಮ್ (ಯಾವ ಕಂಪನ ಎಷ್ಟು ಜೋರು ಅನ್ನುವ ಚಿತ್ರ) ತೋರಿಸುವ ಆ್ಯಪ್ ಇದ್ದರೆ ಎರಡು ಗುಡ್ಡ ಎದ್ದು ಕಾಣುತ್ತವೆ. ಮೊದಲನೆಯದು ಬಾಡಿಯೊಳಗಿನ ಗಾಳಿಯದು, ಸುಮಾರು 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಕಂಪನದ ಹತ್ತಿರ. ಎರಡನೆಯದು ಟಾಪ್ ಮೇಲೆ ಕೆಳಗೆ ಆಡುವುದರದು, ಡ್ರೆಡ್‌ನಾಟ್‌ಗಳಲ್ಲಿ 200ರ ಆಸುಪಾಸು. ಗೋಡೆಯದರಲ್ಲಿ ಬಂದದ್ದು 101 ಮತ್ತು 190. ಪೆಟ್ಟಿಗೆಯದರಲ್ಲಿ 104 ಮತ್ತು 197.

ಮೂರನೇ ತಂತಿಯ ಜಿ ಸ್ವರ 196 ಹರ್ಟ್ಸ್. ಪೆಟ್ಟಿಗೆಯ ಟಾಪ್ ಸರಿಯಾಗಿ ಅದರ ನೆತ್ತಿಯ ಮೇಲೇ ಕೂತಿತ್ತು. ತಂತಿ ಆಡುವ ವೇಗದಲ್ಲೇ ಟಾಪ್ ಕೂಡ ಆಡಲು ಇಷ್ಟಪಡುತ್ತಿದ್ದರೆ, ಅದು ತಂತಿಯ ಶಕ್ತಿಯನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಂಡು ದನಿ ಮಾಡಿಬಿಡುತ್ತದೆ. ಅದಕ್ಕೇ ಮೊದಲು ಜೋರು, ಆಮೇಲೆ ಖಾಲಿ. ಗೋಡೆಯದರ 190 ಮಾತ್ರ ಎಫ್ ಶಾರ್ಪ್‌ನ 185 ಮತ್ತು ಜಿಯ 196 ಎರಡರ ನಡುವೆ ಬಿದ್ದಿತ್ತು. ಯಾವ ಸ್ವರಕ್ಕೂ ಸರಿಯಾಗಿ ಸಿಕ್ಕದೆ ತಪ್ಪಿಸಿಕೊಂಡಿತ್ತು. ಇದನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಅದೃಷ್ಟ.

ತೂಕದಲ್ಲೂ ಗೋಡೆಯದು ಸ್ವಲ್ಪ ಹಗುರ. ಅಡುಗೆಮನೆಯ ತಕ್ಕಡಿಯಲ್ಲಿ 60 ಗ್ರಾಂನಷ್ಟು ಕಮ್ಮಿ ತೋರಿಸಿತು. ಅದಕ್ಕೆ ನಾನು ಜಾಸ್ತಿ ಅರ್ಥ ಕೊಡುವುದಿಲ್ಲ. ಆ ತೂಕ ನೆಕ್‌ನದೋ ಹಿಂಬದಿಯದೋ ಯಾರು ಕಂಡರು.

ಒಂದೇ ಅಳತೆ, ಬೇರೆ ಮರ

ಒಂದೇ ಯಂತ್ರದಿಂದ ಹೊರಬಂದ ಎರಡು ಹಲಗೆ ಯಾಕೆ ಬೇರೆ ಬೇರೆ ಆಡುತ್ತವೆ? ಯಂತ್ರ ದಪ್ಪವನ್ನು ನೋಡುತ್ತದೆ, ಬಿಗಿಯನ್ನು ನೋಡುವುದಿಲ್ಲ. ಸಿಟ್ಕಾ ಸ್ಪ್ರೂಸ್ ಬೆಳೆಯುವುದು ಅಲಾಸ್ಕ, ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ. ಗಿಟಾರಿಗೆ ಬೇಕಾದ ಅಗಲದ ಹಲಗೆ ಸಿಗಬೇಕಾದರೆ ಮರಕ್ಕೆ ನೂರಾರು ವರ್ಷ ಆಗಿರಬೇಕು. ಒಂದು ಮರ ಇಳಿಜಾರಿನಲ್ಲಿ ನಿಂತಿರುತ್ತದೆ, ಇನ್ನೊಂದು ನೆರಳಿನಲ್ಲಿ. ಒಂದರ ಉಂಗುರ ಒತ್ತು, ಇನ್ನೊಂದರದು ವಿರಳ. ಒಂದೇ ಮರದ ಬುಡದ ಹಲಗೆಗೂ ಮೇಲಿನ ಹಲಗೆಗೂ ವ್ಯತ್ಯಾಸವಿರುತ್ತದೆ.

ದಪ್ಪವೇ ಒಂಚೂರು ಬದಲಾದರೆ ಕಥೆ ಇನ್ನೂ ಬೇರೆ. ಹಲಗೆ ಬಾಗದಿರುವ ಶಕ್ತಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. 2.8 ಮಿ.ಮೀ. ಹಲಗೆ 3 ಮಿ.ಮೀ. ಆದರೆ ದಪ್ಪ ಹೆಚ್ಚಿದ್ದು ಶೇ 7 ಮಾತ್ರ, ಬಿಗಿ ಹೆಚ್ಚಿದ್ದು ಶೇ 23. ವಾರ್ನಿಷ್ ಮಾಡುವ ಮೊದಲು ಒಬ್ಬರು ನಾಲ್ಕು ಸಲ ಹೆಚ್ಚು ಉಜ್ಜಿದರೂ ಟಾಪ್ ಬೇರೆಯಾಗಬಹುದು. ಒಂದೊಂದೇ ಗಿಟಾರ್ ಕೈಯಲ್ಲಿ ಮಾಡುವವರು ಹಲಗೆಯನ್ನು ಬಗ್ಗಿಸಿ, ತಟ್ಟಿ ನೋಡಿ, ಬಿಗಿ ಇದ್ದದ್ದನ್ನು ತೆಳ್ಳಗೆ, ಮೆತ್ತಗಿದ್ದದ್ದನ್ನು ದಪ್ಪಗೆ ಬಿಡುತ್ತಾರೆ. ಈ ಬೆಲೆಯ ಗಿಟಾರಿಗೆ ಅಷ್ಟು ಹೊತ್ತು ಕೊಡಲಾಗುವುದಿಲ್ಲ. ಎಲ್ಲ ಹಲಗೆಗೂ ಒಂದೇ ದಪ್ಪ. ತಂತಿಗಳ ಸುಮಾರು 70 ಕಿಲೋ ಎಳೆತವನ್ನು ತಾಳಿಕೊಂಡು ವಾರಂಟಿ ಮುಗಿಯುವವರೆಗೆ ಬ್ರಿಜ್ ಕಿತ್ತು ಬರದಿರುವಷ್ಟು ದಪ್ಪ.

ಅಪ್ಪನಿಗೆ ಈ ಮರದ ಮಾತು ಹಿಡಿಸಿತು. "ಹಿಂಭಾಗಕ್ಕೆ ಬೀಟೆ ಹಾಕಿದ್ರೆ ಸೌಂಡ್ ಜಾಸ್ತಿ ಅಂತಾರಲ್ಲ? ನಮ್ ತೋಟದಲ್ಲೇ ನಿಂತಿವೆ" ಎಂದರು. ನಿಂತಿವೆ ನಿಜ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಗಿಟಾರ್ ಲೋಕ ಈಸ್ಟ್ ಇಂಡಿಯನ್ ರೋಸ್‌ವುಡ್ ಅನ್ನುವುದು ನಮ್ಮ ಪಶ್ಚಿಮ ಘಟ್ಟದ ಈ ಬೀಟೆಯನ್ನೇ. ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿದ ಮೇಲೆ, 1969ರಲ್ಲಿ ಮಾರ್ಟಿನ್ ಕಂಪನಿ ತನ್ನ ಹೆಸರುವಾಸಿ ಡಿ-28 ಗಿಟಾರಿಗೆ ಬೀಟೆ ಬಳಸತೊಡಗಿತು. ಇವತ್ತಿಗೂ ಅದು ದುಬಾರಿ ಗಿಟಾರ್‌ಗಳ ಮರ.

ಆದರೆ ದನಿಗೆ ಅದರಿಂದ ಎಷ್ಟು ಲಾಭ? ಇಂಗ್ಲೆಂಡಿನಲ್ಲಿ ಇದನ್ನು ಅಚ್ಚುಕಟ್ಟಾಗಿ ಪರೀಕ್ಷಿಸಿದ್ದಾರೆ. ಫೈಲ್ಡ್ ಗಿಟಾರ್ಸ್‌ನ ರೋಜರ್ ಬಕ್ನಲ್ ಒಂದೇ ಮಾಡೆಲ್‌ನ ಆರು ಗಿಟಾರ್ ಮಾಡಿಕೊಟ್ಟರು. ಹಿಂಭಾಗ ಮತ್ತು ಪಕ್ಕದ ಮರ ಮಾತ್ರ ಬೇರೆ: ಬ್ರೆಜಿಲಿಯನ್ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 52 ಗಿಟಾರ್ ವಾದಕರ ಕೈಗೆ ಇವನ್ನು ಕೊಟ್ಟರು. ಮರ ಗುರುತು ಸಿಗಬಾರದೆಂದು ಮಬ್ಬು ಬೆಳಕು, ಕಣ್ಣಿಗೆ ವೆಲ್ಡರ್‌ಗಳು ಹಾಕುವ ಕಪ್ಪು ಕನ್ನಡಕ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆರಕ್ಕೂ ಹೆಚ್ಚು ಕಮ್ಮಿ ಒಂದೇ ಅಂಕ ಬಂದಿತ್ತು. ದುಬಾರಿ ಮರ, ಅಗ್ಗದ ಮರ ಅನ್ನುವ ಭೇದ ಕೈಗೂ ಕಿವಿಗೂ ಸಿಗಲಿಲ್ಲ. ಗಮನಿಸಿ, ಅಲ್ಲಿ ಆರೂ ಗಿಟಾರ್‌ಗಳನ್ನು ಉಳಿದೆಲ್ಲ ವಿಷಯದಲ್ಲೂ ಆದಷ್ಟು ಒಂದೇ ಥರ ಮಾಡಿದ್ದರು. ಕಾರ್ಖಾನೆಯಿಂದ ಬಂದ ನಮ್ಮ ಎರಡು ಗಿಟಾರ್‌ಗಳಿಗೆ ಆ ಭಾಗ್ಯ ಇರಲಿಲ್ಲ. ಹೆಸರಿಗೆ ಒಂದೇ ಮಾಡೆಲ್, ಟಾಪ್ ಬೇರೆ ಬೇರೆ.

ಎಲ್ಲರೂ ಬಿಟ್ಟ ಜಾಗ

ಇಲ್ಲಿಗೆ ಮುಗಿದಿದ್ದರೆ ಗೋಡೆಯದನ್ನೇ ತಗೋ ಅನ್ನುತ್ತಿದ್ದೆ. ಹುಡುಗಿಯೂ ಅದಕ್ಕೇ ಮನಸ್ಸು ಮಾಡಿದ್ದಳು. ಆದರೆ ಸ್ಯಾಡಲ್ ಕತ್ತರಿಸುವಾಗಲೇ ಒಂದು ಸಂಗತಿ ನನ್ನ ಕಣ್ಣು ಕುಟುಕಿತ್ತು. ಎರಡೂ ಗಿಟಾರ್‌ಗೆ ಆ್ಯಕ್ಷನ್ ಒಂದೇ, 2.4. ಆದರೂ ಪೆಟ್ಟಿಗೆಯದರ ಸ್ಯಾಡಲ್ ಬ್ರಿಜ್‌ನಿಂದ 3.5 ಮಿ.ಮೀ. ಮೇಲೆ ನಿಂತಿತ್ತು. ಗೋಡೆಯದರದು 2 ಮಿ.ಮೀ. ಮಾತ್ರ.

ಇದು ನೆಕ್ ಕೂತ ಕೋನದ ಪ್ರಶ್ನೆ. ಪರೀಕ್ಷೆ ಸುಲಭ. ಉದ್ದನೆಯ ನೇರ ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಇಟ್ಟು ಬ್ರಿಜ್‌ನ ಕಡೆ ಚಾಚಬೇಕು. ಸ್ಕೇಲಿನ ತುದಿ ಬ್ರಿಜ್‌ನ ಮೇಲಂಚಿಗೆ ಸರಿಯಾಗಿ ತಾಗಬೇಕು, ಇಲ್ಲವೇ ಕೂದಲೆಳೆ ಮೇಲೆ ಹೋಗಬೇಕು. ಪೆಟ್ಟಿಗೆಯದರಲ್ಲಿ ಹಾಗೇ ತಾಗಿತು. ಗೋಡೆಯದರಲ್ಲಿ ಸ್ಕೇಲು ಬ್ರಿಜ್‌ನ ಮುಖಕ್ಕೆ ಬಡಿಯಿತು, ಮೇಲಂಚಿನಿಂದ ಸುಮಾರು 1 ಮಿ.ಮೀ. ಕೆಳಗೆ. ನೆಕ್ ಒಂಚೂರು ಮುಂದಕ್ಕೆ ವಾಲಿದ ಹಾಗೆ ಕೂತಿದೆ ಅಂತ ಅರ್ಥ. ಅಂಟು ಹಾಕಿದ ದಿನವೇ ಹಾಗಿತ್ತೋ, ಆಮೇಲೆ ಎಳೆತಕ್ಕೆ ಬಂತೋ, ಎರಡೂ ಸಾಧ್ಯ.

ದೋಷ ಅಂತ ವಾಪಸ್ ಕೊಡುವಷ್ಟೇನೂ ಅಲ್ಲ. ಇವತ್ತು ನುಡಿಸಲು ಯಾವ ತೊಂದರೆಯೂ ಇಲ್ಲ. ತೊಂದರೆ ಏನೆಂದರೆ ಮುಂದೆ ಇಳಿಸಲು ಜಾಗ ಉಳಿದಿಲ್ಲ. ಸ್ಯಾಡಲ್ ತೀರಾ ತಗ್ಗಿದರೆ ತಂತಿ ಅದರ ಮೇಲೆ ಒತ್ತಿ ಕೂರುವ ಕೋನ ಕಳೆದುಹೋಗುತ್ತದೆ, ದನಿ ಸೊರಗುತ್ತದೆ. ಆಮೇಲೆ ಉಳಿಯುವ ದಾರಿ ಒಂದೇ. ನೆಕ್ಕನ್ನು ಹಬೆ ಕೊಟ್ಟು ಬಿಚ್ಚಿ, ಕೋನ ತಿದ್ದಿ, ಮತ್ತೆ ಅಂಟಿಸುವುದು. ದುಬಾರಿ ಗಿಟಾರಿಗೆ ಮಾಡುತ್ತಾರೆ. ಈ ಗಿಟಾರಿಗೆ ಆ ಕೆಲಸದ ಖರ್ಚು ಗಿಟಾರಿನ ಬೆಲೆಯನ್ನೇ ಮುಟ್ಟುತ್ತದೆ.

ಇವಳು ಹೋಗುತ್ತಿರುವುದು ಮಂಗಳೂರಿಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ತೇವಾಂಶ ಹೆಚ್ಚಾಗಿ ಶೇ 80ರ ಮೇಲೇ. ಹಾಸ್ಟೆಲ್ ರೂಮು, ಒಣಗದ ಬಟ್ಟೆ, ಮುಚ್ಚಿದ ಕಿಟಕಿ. ಟಾಪ್ ತೇವ ಎಳೆದುಕೊಂಡು ಅಡ್ಡಕ್ಕೆ ಹಿಗ್ಗುತ್ತದೆ. ಅಂಚುಗಳು ಅಂಟಿಕೊಂಡಿರುವುದರಿಂದ ಪಕ್ಕಕ್ಕೆ ಹೋಗಲು ಜಾಗವಿಲ್ಲದೆ ಹೊಟ್ಟೆ ಉಬ್ಬಿಸುತ್ತದೆ. ಬ್ರಿಜ್ ಮೇಲೇರುತ್ತದೆ, ಜೊತೆಗೆ ತಂತಿ. ಕರಾವಳಿಯಲ್ಲಿ ಗಿಟಾರ್ ಇಟ್ಟುಕೊಂಡವರಿಗೆ ಇದು ಹೊಸದಲ್ಲ. ಮಳೆಗಾಲದಲ್ಲಿ ಬೆರಳು ನೋಯುವುದು, ಬೇಸಿಗೆಯಲ್ಲಿ ತಂತಿ ಗರಗುಟ್ಟುವುದು ಪ್ರತಿ ವರ್ಷದ ಕಥೆ.

ಹಾಗಾಗಿ ನನ್ನ ಓಟು ಪೆಟ್ಟಿಗೆಯದಕ್ಕೆ ಬಿತ್ತು. ಅಂಗಡಿಯಲ್ಲಿ ಎಲ್ಲರೂ ಆರಿಸಿದ್ದದ್ದೇ ಅದು. ಆದರೆ ಅವರು ನೋಡಿದ್ದು ತಂತಿಯ ಹೊಳಪು. ಅದು ತಿಂಗಳೊಪ್ಪತ್ತಿನಲ್ಲಿ ಹೋಗುವಂಥದ್ದು. ತಂತಿ, ನಟ್, ಸ್ಯಾಡಲ್, ನೆಕ್‌ನ ಬಾಗು ಇವೆಲ್ಲ ಒಂದು ಮಧ್ಯಾಹ್ನದ ಕೆಲಸ. ನೆಕ್‌ನ ಕೋನ ಹಾಗಲ್ಲ, ಟಾಪ್ ಹಾಗಲ್ಲ. ಎರಡು ಗಿಟಾರ್ ಪಕ್ಕಪಕ್ಕ ಇಟ್ಟಾಗ ಕಣ್ಣು ಹೋಗಬೇಕಾದದ್ದು ಇವೆರಡರ ಕಡೆಗೆ. ಟಾಪ್‌ನಲ್ಲಿ ಗೋಡೆಯದು ಮೇಲು, ಕೋನದಲ್ಲಿ ಪೆಟ್ಟಿಗೆಯದು. ಹುಡುಗಿ ಬೆಂಗಳೂರಿನಲ್ಲೇ ಉಳಿಯುವವಳಾಗಿದ್ದರೆ ನಾನು ಗೋಡೆಯದನ್ನೇ ಕೊಡಿಸುತ್ತಿದ್ದೆ, ಅದರಲ್ಲಿ ಅನುಮಾನ ಬೇಡ.

ಅವಳಿಗೆ ಇದು ಅಷ್ಟು ಸುಲಭಕ್ಕೆ ಒಪ್ಪಿಗೆಯಾಗಲಿಲ್ಲ. "ಆ ಜಿ ಸ್ಟ್ರಿಂಗ್ ಸತ್ತುಹೋಗುತ್ತಲ್ಲ ಅಂಕಲ್?" ಅನ್ನುವುದೇ ಅವಳ ತಕರಾರು. ಅದಕ್ಕೆ ಒಂದು ಸಣ್ಣ ಔಷಧಿ ಇದೆ. ಬ್ರಿಜ್‌ನ ನೇರ ಕೆಳಗೆ, ಬಾಡಿಯ ಒಳಗಡೆ, ಪೋಸ್ಟರ್ ಅಂಟಿಸುವ ಮೇಣದಂಥ ಅಂಟನ್ನು ನಾಲ್ಕೈದು ಗ್ರಾಂ ಒತ್ತಿದೆ. ಟಾಪ್ ಅಷ್ಟು ಭಾರವಾದರೆ ಅದು ಆಡುವ ವೇಗ ಸ್ವಲ್ಪ ಇಳಿಯುತ್ತದೆ. ಮತ್ತೆ ತಟ್ಟಿ ನೋಡಿದರೆ 197 ಇದ್ದದ್ದು 192ಕ್ಕೆ ಬಂದಿತ್ತು. ಜಿ ಸ್ವರದ ಆ ಚಿಮ್ಮು ಪೂರ್ತಿ ಹೋಗಲಿಲ್ಲ, ಆದರೆ ಹುಡುಕಿದರೆ ಮಾತ್ರ ಸಿಗುವಷ್ಟಾಯಿತು. ಒಟ್ಟು ದನಿ ಒಂದು ಕೂದಲಷ್ಟು ಕಮ್ಮಿಯಾಯಿತು. ಅವಳು ಹತ್ತು ನಿಮಿಷ ನುಡಿಸಿ ನೋಡಿ, ಸರಿ ಅಂದಳು. ಬೇಡವೆನಿಸಿದರೆ ಕಿತ್ತು ಬಿಸಾಡಬಹುದು, ಮರಕ್ಕೆ ಏನೂ ಆಗುವುದಿಲ್ಲ.

ಗೋಡೆಯದನ್ನು ಹೊಸ ತಂತಿಯ ಸಮೇತ ಅಂಗಡಿಗೆ ವಾಪಸ್ ಕಳಿಸಿದೆ. ನೆಕ್‌ನ ವಿಷಯವನ್ನೂ ತಿಳಿಸಿದೆ. ಸ್ವಲ್ಪ ಬೆಲೆ ತಗ್ಗಿಸಿ, ಕಾರಣ ಹೇಳಿಯೇ, ಬೆಂಗಳೂರಿನವರೊಬ್ಬರಿಗೆ ಮಾರಿದರು. ಬೆರಳಲ್ಲಿ ಮೀಟಿ ನುಡಿಸುವವರು, ಮನೆಯಲ್ಲೇ ಇಟ್ಟುಕೊಳ್ಳುವವರು. ಒಳ್ಳೆಯ ಟಾಪ್ ಅವರ ಪಾಲಿಗೆ ಬಂತು.

ಜುಲೈ ಕೊನೆಯಲ್ಲಿ ಮಂಗಳೂರಿನಿಂದ ಫೋನು. "ಎಫ್ ಮತ್ತೆ ಕಷ್ಟ ಆಗ್ತಿದೆ." ಅಳತೆ ಕಳಿಸು ಅಂದೆ. ಸ್ಕೇಲ್ ಇಟ್ಟು ಫೋಟೋ ಕಳಿಸಿದಳು: 12ನೇ ಫ್ರೆಟ್‌ನಲ್ಲಿ 2.8. ಅಂದುಕೊಂಡದ್ದಕ್ಕಿಂತ ಜಾಸ್ತಿಯೇನಲ್ಲ. 0.4 ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ 0.8. ಪೆಟ್ಟಿಗೆಯದರಲ್ಲಿ 3.5ರಿಂದ 2.7ಕ್ಕೆ ಬರುತ್ತದೆ, ಏನೂ ತೊಂದರೆಯಿಲ್ಲ. ಗೋಡೆಯದಾಗಿದ್ದರೆ 1.2ಕ್ಕೆ ಇಳಿಯಬೇಕಿತ್ತು.

ಇದ್ದ ಸ್ಯಾಡಲನ್ನು ಉಜ್ಜಬೇಡ ಅಂತ ಹೇಳಿದೆ. ಫೆಬ್ರವರಿಯಲ್ಲಿ ಟಾಪ್ ಒಣಗಿ ಕೂತಾಗ ಅದೇ ಬೇಕು. ಅದೇ ಮೂಳೆಯ ಪಟ್ಟಿಯಿಂದ ತಗ್ಗಿನದೊಂದು ಕತ್ತರಿಸಿ ಕೊರಿಯರ್ ಮಾಡಿದೆ. ತಂತಿ ಸಡಿಲಿಸಿ ಸ್ಯಾಡಲ್ ಬದಲಿಸುವುದು ಹೇಗೆ ಅಂತ ಅವಳ ಮೇಷ್ಟ್ರು ವಿಡಿಯೋ ಕಾಲ್‌ನಲ್ಲಿ ತೋರಿಸಿಕೊಟ್ಟರು. ಒಂದರ ತಳದಲ್ಲಿ ಪೆನ್ಸಿಲ್‌ನಿಂದ "ಮಳೆ" ಅಂತ ಬರೆದಿದ್ದೇನೆ, ಇನ್ನೊಂದರಲ್ಲಿ "ಬೇಸಿಗೆ" ಅಂತ ಬರೆದುಕೊಳ್ಳಲು ಹೇಳಿದ್ದೇನೆ. ಸದ್ಯ ಬಳಕೆಯಲ್ಲಿಲ್ಲದ್ದು ಕೇಸ್‌ನ ಜೇಬಿನಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇರುತ್ತದೆ.